ಸೆಪ್ಟೆಂಬರ್ 30ರ ಲೆಕ್ಕ: ‘ನೋ ಯುವರ್ ಸ್ಕೂಲ್’ ಪುಟದಲ್ಲಿ ನಮ್ಮ ಸಣ್ಣ ಶಾಲೆಗಳು ಹೇಗೆ ಕಾಣುತ್ತವೆ?

ಊರ ಸರ್ಕಾರಿ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಹುಡುಗಿಯರೆಷ್ಟು, ಯಾವ ವರ್ಗದವರೆಷ್ಟು ಎಂದು ನೋಡಬೇಕಾದರೆ ಮೊದಲೆಲ್ಲ ಹೆಡ್‌ಮಾಸ್ತರರ ಕಪಾಟು ತೆರೆಸಬೇಕಿತ್ತು. ಈಗ ದೇಶದ ಶಾಲೆಗಳ ಲೆಕ್ಕ ಕೂಡಿಸುವ ಕೇಂದ್ರ ಸರ್ಕಾರದ ಯುಡೈಸ್ ಪ್ಲಸ್‌ನ ‘ನೋ ಯುವರ್ ಸ್ಕೂಲ್’ ಪುಟ ಮೊಬೈಲಿನಲ್ಲೇ ಅದನ್ನು ತೋರಿಸುತ್ತದೆ. ಲಾಗಿನ್ ಬೇಡ, ಅರ್ಜಿ ಬೇಡ, ದುಡ್ಡೂ ಬೇಡ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಪಂಚಾಯತಿ ಸದಸ್ಯರು, ಮಗುವಿಗೆ ಶಾಲೆ ಹುಡುಕುವ ಪಾಲಕರು ಇದನ್ನು ನೋಡುತ್ತಾರೆ. ವರ್ಗಾವಣೆ ಕೌನ್ಸೆಲಿಂಗ್‌ಗೆ ಹೊರಟ ಶಿಕ್ಷಕರು ಎಲ್ಲರಿಗಿಂತ ಜಾಸ್ತಿ ನೋಡುತ್ತಾರೆ. ಮಕ್ಕಳು ಕಡಿಮೆ ಇರುವ ಶಾಲೆ ಆರಿಸಿಕೊಂಡರೆ ಎರಡೇ ವರ್ಷಕ್ಕೆ ‘ಹೆಚ್ಚುವರಿ’ ಪಟ್ಟಿಯಲ್ಲಿ ಹೆಸರು ಬರಬಹುದೆಂಬ ಅಂಜಿಕೆ ಅವರದು.

ದೊಡ್ಡ ಶಾಲೆಯ ಮಟ್ಟಿಗೆ ಈ ಪುಟ ಚೆನ್ನಾಗಿ ಕೆಲಸ ಮಾಡುತ್ತದೆ. 40-50 ಮಕ್ಕಳ ತೋಟದ ಶಾಲೆ, ತಾಂಡಾದ ಶಾಲೆಗಳ ವಿಷಯಕ್ಕೆ ಬಂದಾಗ ಅಂಕಿ ಸರಿಯಿದ್ದರೂ ಓದುವವರು ದಾರಿ ತಪ್ಪುತ್ತಾರೆ. ಎಲ್ಲಿ ತಪ್ಪುತ್ತಾರೆ, ಏಕೆ ತಪ್ಪುತ್ತಾರೆ ಎಂಬುದೇ ಈ ವಿಮರ್ಶೆಯ ಮುಖ್ಯ ಭಾಗ. ಐದಕ್ಕೆ ಎಷ್ಟು ಎಂದು ಕೇಳುವವರಿಗೆ ಈಗಲೇ ಹೇಳಿಬಿಡಬಹುದು: ಮೂರು. ಶಾಲೆಯ ಹಾಜರಿ ಪುಸ್ತಕವನ್ನು ಪಕ್ಕಕ್ಕಿಟ್ಟುಕೊಂಡು ಓದಿದರೆ ನಾಲ್ಕು.

ಮೊದಲ ತೊಡಕು ಶಾಲೆಯನ್ನು ಹುಡುಕುವುದರಲ್ಲೇ ಇದೆ. ಪುಟ ಇಂಗ್ಲಿಷಿನಲ್ಲಿದೆ, ಶಾಲೆಯ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ತೋಟಕ್ಕೆ ‘ಎಚ್’ ಇದೆಯೋ ಇಲ್ಲವೋ, ತಾಂಡಾಕ್ಕೆ ಇದೆಯೋ ಇಲ್ಲವೋ ಎಂಬುದು ಹಿಂದೆಂದೋ ಟೈಪ್ ಮಾಡಿದವರ ಇಷ್ಟ. ಮುಂಬೈ ಪ್ರಾಂತ್ಯದ ಕಾಲದಿಂದ ಉಳಿದುಬಂದ ಹೆಸರುಗಳು ಬೇರೆ: ಕೆಬಿಎಸ್ ಎಂದರೆ ಕನ್ನಡ ಗಂಡು ಮಕ್ಕಳ ಶಾಲೆ, ಕೆಜಿಎಸ್ ಎಂದರೆ ಹೆಣ್ಣು ಮಕ್ಕಳ ಶಾಲೆ, ಯುಬಿಎಸ್ ಉರ್ದು ಗಂಡು ಮಕ್ಕಳದು. ಊರಿನವರು ‘ದೊಡ್ಡ ಸಾಲಿ’, ‘ಹೆಣ್ಣುಮಕ್ಕಳ ಸಾಲಿ’ ಎಂದು ಕರೆಯುವುದನ್ನು ಯಂತ್ರ ಎಲ್ಲಿಂದ ಅರಿಯಬೇಕು? ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದ ಕಡೆ ಹಳೆಯ ಊರಿನ ಹೆಸರಿಗೆ ‘ಆರ್‌ಸಿ’ ಎಂಬ ಬಾಲ ಸೇರಿರುತ್ತದೆ. ಬಾಲ ಗಮನಿಸದೆ ಒತ್ತಿದರೆ ಬೇರೆ ಶಾಲೆಯ ಲೆಕ್ಕ ನೋಡಿಕೊಂಡು ಕೂರಬೇಕಾಗುತ್ತದೆ.

ಹೆಸರಿನ ಗೊಡವೆ ಬಿಟ್ಟು ಯುಡೈಸ್ ಕೋಡ್ ಹಾಕುವುದೇ ಲೇಸು. ಅದು 11 ಅಂಕಿಯದು. ಮೊದಲ 2 ರಾಜ್ಯಕ್ಕೆ, ಮುಂದಿನ 2 ಜಿಲ್ಲೆಗೆ, ನಂತರದ 2 ಬ್ಲಾಕಿಗೆ, 3 ಊರು ಅಥವಾ ವಾರ್ಡಿಗೆ, ಕೊನೆಯ 2 ಶಾಲೆಗೆ. ಕರ್ನಾಟಕದ್ದು 29. ಹಾಗಾಗಿ ಬೆಳಗಾವಿ ಶೈಕ್ಷಣಿಕ ಜಿಲ್ಲೆಯ ಕೋಡ್ 2901ರಿಂದ, ಬಾಗಲಕೋಟೆಯದು 2902ರಿಂದ, ವಿಜಯಪುರದ್ದು 2903ರಿಂದ ಶುರುವಾಗುತ್ತದೆ. ಬಹಳಷ್ಟು ಶಾಲೆಗಳಲ್ಲಿ ಈ ಕೋಡನ್ನು ಗೋಡೆಯ ಮೇಲೆ ಬರೆಸಿರುತ್ತಾರೆ. ಮಗುವಿನ ವರ್ಗಾವಣೆ ಪತ್ರ (ಟಿಸಿ) ಹಿಡಿದು ಬಂದವರು ಅದರ ಮೇಲೂ ನೋಡಬಹುದು.

ಕೋಡ್ ಸಿಗದವರು ಜಿಲ್ಲೆ, ಬ್ಲಾಕ್ ಆರಿಸುತ್ತ ಹೋಗಬೇಕು. ಅಲ್ಲಿ ಕಂದಾಯದ ತಾಲ್ಲೂಕು ತಲೆಯಲ್ಲಿಟ್ಟುಕೊಂಡವರು ಎಡವುತ್ತಾರೆ. ಬೆಳಗಾವಿ ಕಂದಾಯಕ್ಕೆ ಒಂದು ಜಿಲ್ಲೆ, ಶಿಕ್ಷಣಕ್ಕೆ ಎರಡು: ಅಥಣಿ, ಕಾಗವಾಡ, ಗೋಕಾಕ, ಮೂಡಲಗಿ, ಹುಕ್ಕೇರಿ, ನಿಪ್ಪಾಣಿ, ರಾಯಬಾಗ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿ ಸಿಗುತ್ತವೆ, ಬೈಲಹೊಂಗಲ, ಖಾನಾಪುರ, ಕಿತ್ತೂರು, ರಾಮದುರ್ಗ, ಸವದತ್ತಿ ಬೆಳಗಾವಿಯಲ್ಲಿ. ಬಾಗಲಕೋಟೆಯಲ್ಲಿ ಇಳಕಲ್ಲ ಬೇಕಾದವರು ಹುನಗುಂದದಲ್ಲಿ, ರಬಕವಿ-ಬನಹಟ್ಟಿ ಬೇಕಾದವರು ಜಮಖಂಡಿಯಲ್ಲಿ, ಗುಳೇದಗುಡ್ಡ ಬೇಕಾದವರು ಬಾದಾಮಿಯಲ್ಲಿ ಹುಡುಕಬೇಕು. ವಿಜಯಪುರದಲ್ಲಿ ಹೊಸ ತಾಲ್ಲೂಕುಗಳಾದವು, ಶಿಕ್ಷಣ ಬ್ಲಾಕುಗಳು ಬಹುಮಟ್ಟಿಗೆ ಹಳೆಯವೇ ಉಳಿದವು. ತಿಕೋಟಾ, ಬಬಲೇಶ್ವರ ಕಡೆಯ ಶಾಲೆಗಳಿಗೆ ವಿಜಯಪುರ ಗ್ರಾಮೀಣ ವಲಯ ನೋಡಿ.

ಶಾಲೆ ಸಿಕ್ಕ ಮೇಲೆ ಮೊದಲು ನೋಡಬೇಕಾದ್ದು ಮಕ್ಕಳ ಸಂಖ್ಯೆಯನ್ನಲ್ಲ, ಮೇಲಿರುವ ಶೈಕ್ಷಣಿಕ ವರ್ಷವನ್ನು. ಜೂನ್‌ನಲ್ಲಿ ಪುಟ ತೆರೆದು ‘ಈ ವರ್ಷ ಇಷ್ಟೇ ಮಕ್ಕಳು’ ಎಂದು ವಾಟ್ಸ್ಆ್ಯಪ್‌ಗೆ ಹಾಕುವವರು ನೋಡಿರುವುದು ಹಿಂದಿನ ವರ್ಷದ ಲೆಕ್ಕ. ಯುಡೈಸ್‌ಗೆ ಆಧಾರ ದಿನ ಸೆಪ್ಟೆಂಬರ್ 30. ಆ ದಿನ ಶಾಲೆಯ ದಾಖಲೆಯಲ್ಲಿ ಇದ್ದವರ ಲೆಕ್ಕ ತುಂಬಿ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಬ್ಲಾಕು, ಜಿಲ್ಲೆ ಎಂದು ಮೇಲಕ್ಕೆ ಪರಿಶೀಲನೆಯಾಗಿ, ಪುಟಕ್ಕೆ ಬರುವಷ್ಟರಲ್ಲಿ ಎಷ್ಟೋ ಸಲ ಮುಂದಿನ ವರ್ಷದ ಪ್ರಾರಂಭೋತ್ಸವವೇ ಮುಗಿದಿರುತ್ತದೆ.

ಪುಟದಲ್ಲಿ ತೆರೆಯುವ ಶಾಲೆಯ ರಿಪೋರ್ಟ್ ಕಾರ್ಡಿನಲ್ಲಿ ತರಗತಿವಾರು ಗಂಡು, ಹೆಣ್ಣು ಮಕ್ಕಳ ಸಂಖ್ಯೆ, ಸಾಮಾಜಿಕ ವರ್ಗ, ಅಲ್ಪಸಂಖ್ಯಾತರು, ವಿಶೇಷ ಅಗತ್ಯವುಳ್ಳ ಮಕ್ಕಳು, ಬೋಧನಾ ಮಾಧ್ಯಮ, ಶಿಕ್ಷಕರು ಇಷ್ಟೂ ಸಿಗುತ್ತವೆ. ಮಕ್ಕಳ ಹೆಸರು ಹೊರಗಿನವರಿಗೆ ಕಾಣುವುದಿಲ್ಲ, ಅದು ಸರಿಯೇ. ಶೌಚಾಲಯ, ಕುಡಿಯುವ ನೀರು, ಕೊಠಡಿಗಳ ವಿವರವೂ ಇದೆ. ಅದಕ್ಕೆ ಪುಟಕ್ಕಿಂತ ಶಾಲೆಗೆ ಹೋಗಿ ನಲ್ಲಿ ತಿರುಗಿಸಿ ನೋಡುವುದು ವಾಸಿ.

ಸಂಖ್ಯೆ ಓದುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡೋಣ. ಅಂಕಿಗಳು ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು, ಯಾವ ಶಾಲೆಯವೂ ಅಲ್ಲ. 1ರಿಂದ 5ನೇ ತರಗತಿಯವರೆಗಿನ ಒಂದು ತೋಟದ ಶಾಲೆ. ಹೋದ ವರ್ಷ ತರಗತಿವಾರು 11, 10, 7, 7, 8, ಒಟ್ಟು 43. ಈ ವರ್ಷ 7, 9, 9, 6, 7; ಒಟ್ಟು 38. ಎರಡು ಮೊತ್ತಗಳನ್ನಷ್ಟೇ ನೋಡಿದವರು ‘ಐದು ಮಕ್ಕಳು ಸಾಲಿ ಬಿಟ್ಟರು’ ಎನ್ನುತ್ತಾರೆ. ಓರೆಯಾಗಿ ಓದಿ: ಹೋದ ವರ್ಷದ ಒಂದನೇ ತರಗತಿಯ 11 ಮಂದಿ ಈಗ ಎರಡನೆಯದರಲ್ಲಿ 9, ಎರಡನೆಯದರ 10 ಮಂದಿ ಮೂರರಲ್ಲಿ 9, ಮೂರರ 7 ನಾಲ್ಕರಲ್ಲಿ 6, ನಾಲ್ಕರ 7 ಐದರಲ್ಲಿ 7. ನಡುವೆ ಹೊಸಬರು ಯಾರೂ ಸೇರಿಲ್ಲವೆಂದರೆ ಬಿಟ್ಟುಹೋದವರು 4. ಐದನೇ ತರಗತಿ ಮುಗಿಸಿ 8 ಮಂದಿ ಹೊರಗೆ ಹೋದರು, ಒಂದನೆಯದಕ್ಕೆ 7 ಮಂದಿ ಬಂದರು. ಉಳಿದ ಒಂದರ ಕೊರತೆ ಅಲ್ಲಿಯದು. ಬಿಟ್ಟುಹೋದ ಆ ನಾಲ್ವರಲ್ಲಿ ಇಬ್ಬರು ಒಂದನೇ ತರಗತಿ ಮುಗಿಸಿದ ಕೂಡಲೇ ಹೋಗಿದ್ದಾರೆ. ಕಾನ್ವೆಂಟ್ ಬಸ್ಸು ತೋಟದ ದಾರಿಗೆ ಬರಲು ಶುರುವಾಯಿತೇ, ಕುಟುಂಬವೇ ಊರು ಬಿಟ್ಟಿತೇ ಎಂದು ಕೇಳಬೇಕಾದ ಜಾಗ ಅದು. ಎರಡು ವರ್ಷದ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ಇಷ್ಟು ಲೆಕ್ಕ ಮಾಡಲು ಹತ್ತು ನಿಮಿಷ ಸಾಕು. ಪುಟ ತಾನಾಗಿ ಇದನ್ನು ಮಾಡಿಕೊಡುವುದಿಲ್ಲ.

ಶೇಕಡಾವಾರು ಲೆಕ್ಕಕ್ಕೆ ಮಾತ್ರ ಕೈ ಹಾಕಬೇಡಿ. ಇದೇ ಶಾಲೆಯ ನಾಲ್ಕನೇ ತರಗತಿಯ 6 ಮಕ್ಕಳಲ್ಲಿ 2 ಹುಡುಗಿಯರಿದ್ದರೆ ಶೇ 33. ಇನ್ನೊಬ್ಬಳು ಸೇರಿದರೆ 7ರಲ್ಲಿ 3, ಅಂದರೆ ಶೇ 43. ಒಬ್ಬ ಹುಡುಗಿಯ ತಂದೆ ತೋಟದ ಕೆಲಸಕ್ಕೆ ಬಂದು ನೆಲೆಸಿದ್ದಕ್ಕೆ ‘ಹೆಣ್ಣುಮಕ್ಕಳ ದಾಖಲಾತಿಯಲ್ಲಿ ಹತ್ತು ಅಂಶ ಏರಿಕೆ’ ಎಂದು ವರದಿ ಬರೆಯುವಂತಾಗುತ್ತದೆ. ಸಣ್ಣ ಶಾಲೆಯಲ್ಲಿ ತಲೆ ಎಣಿಸುವುದೇ ಸರಿಯಾದ ಪದ್ಧತಿ.

ಒಂದು ತಲೆಗೆ ಎಷ್ಟು ಬೆಲೆ ಎಂಬುದು ಸರ್ಕಾರದ ಮಾನದಂಡಗಳಲ್ಲಿದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ರವರೆಗೆ 3, 91ರಿಂದ 120ರವರೆಗೆ 4. ಅಂದರೆ 60ಕ್ಕೂ 61ಕ್ಕೂ ನಡುವೆ ಒಬ್ಬ ಶಿಕ್ಷಕರ ಅಂತರ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000. ಮೇಲಿನ ಉದಾಹರಣೆಯ 38 ಮಕ್ಕಳ ಶಾಲೆ ಇನ್ನು 8 ಮಕ್ಕಳನ್ನು ಕಳೆದುಕೊಂಡರೆ 15,000 ರೂಪಾಯಿ ಖೋತಾ. ಸೀಮೆಸುಣ್ಣ, ಕರೆಂಟ್ ಬಿಲ್ಲು, ಸಣ್ಣಪುಟ್ಟ ದುರಸ್ತಿ, ಸ್ವಚ್ಛತೆ ಎಲ್ಲಕ್ಕೂ ಇದೇ ದುಡ್ಡು. ಮಕ್ಕಳು 38 ಇದ್ದರೂ 30 ಇದ್ದರೂ ಸೋರುವ ಹಂಚು ಅದೇ. ಬಿಸಿಯೂಟದಲ್ಲಿ 25 ಮಕ್ಕಳವರೆಗೆ ಅಡುಗೆಯವರು ಒಬ್ಬರು, 26ರಿಂದ 100ರವರೆಗೆ ಇಬ್ಬರು ಎಂಬುದು ಕೇಂದ್ರದ ಮಾನದಂಡ. ಆದ್ದರಿಂದ ಕಾರ್ಡು ನೋಡುವಾಗ ಶಾಲೆ 25, 30, 60, 90 ಎಂಬ ಗಡಿಗಳಿಂದ ಎಷ್ಟು ದೂರ ಇದೆ ಎಂಬುದರ ಮೇಲೆ ಕಣ್ಣಿಡಿ. ಈ ಗಡಿಗಳ ಬಗ್ಗೆ ಪುಟದಲ್ಲಿ ಒಂದು ಸಾಲೂ ಇಲ್ಲದಿರುವುದು ದೊಡ್ಡ ಕೊರತೆ. ಗಡಿಗೆ ಮೂರು-ನಾಲ್ಕು ಮಕ್ಕಳ ದೂರದಲ್ಲಿರುವ ಶಾಲೆಗೆ ಬಣ್ಣದ ಗುರುತು ಹಾಕಿದ್ದರೆ ಎಸ್‌ಡಿಎಂಸಿಯವರಿಗೆ ದಾಖಲಾತಿ ಆಂದೋಲನಕ್ಕೆ ಮುಂಚೆಯೇ ಎಚ್ಚರವಾಗುತ್ತಿತ್ತು.

ಈಗ ಸೆಪ್ಟೆಂಬರ್ 30ರ ಮಾತು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಮೂರು ಜಿಲ್ಲೆಗಳಿಗೆ ಈ ದಿನ ಒಗ್ಗುವುದೇ ಇಲ್ಲ. ದಸರಾ, ದೀಪಾವಳಿ ಆದ ಮೇಲೆ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರುಮಾಡುತ್ತವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ತಾಂಡಾಗಳಿಂದ ಜೋಡಿ ಜೋಡಿಯಾಗಿ ಕಬ್ಬು ಕಡಿಯುವ ಗ್ಯಾಂಗಿಗೆ ಮುಂಗಡ ಪಡೆದವರು ಹೊರಡುತ್ತಾರೆ. ಇನ್ನು ಕೆಲವರು ಗೋವಾ, ಪುಣೆ, ರತ್ನಾಗಿರಿ, ಮಂಗಳೂರು ಎಂದು ದುಡಿಯಲು ಹೋಗುತ್ತಾರೆ. ಮನೆಯಲ್ಲಿ ಅಜ್ಜಿ ಇದ್ದರೆ ಮಗು ಉಳಿಯುತ್ತದೆ, ಇಲ್ಲದಿದ್ದರೆ ಜೊತೆಗೇ ಹೋಗುತ್ತದೆ. ಮರಳಿ ಬರುವುದು ಮಾರ್ಚ್ ಕಡೆಗೆ, ಕೆಲವರು ಯುಗಾದಿಗೆ. ಆಧಾರ ದಿನದಂದು ಎಲ್ಲರೂ ತರಗತಿಯಲ್ಲೇ ಕೂತಿರುತ್ತಾರೆ! ಹೀಗಾಗಿ ಕಾರ್ಡಿನಲ್ಲಿ 38 ಎಂದು ಕಾಣುವ ಶಾಲೆಯಲ್ಲಿ ಡಿಸೆಂಬರ್‌ನಲ್ಲಿ 27 ಮಕ್ಕಳು ಕೂತಿದ್ದರೆ ಎರಡೂ ಲೆಕ್ಕ ಸರಿಯೇ, ಸುಳ್ಳು ಲೆಕ್ಕ ಎಂದು ಮಾಸ್ತರರ ಮೇಲೆ ಹರಿಹಾಯಬೇಕಾಗಿಲ್ಲ. ಇದೇ ಹೊತ್ತಿಗೆ ಬೆಳಗಾವಿ, ಬಾಗಲಕೋಟೆಯ ನೀರಾವರಿ ಪಟ್ಟಿಯಲ್ಲಿ ಉಲ್ಟಾ ನಡೆಯುತ್ತದೆ. ಮಹಾರಾಷ್ಟ್ರದ ಬೀಡ ಕಡೆಯ ಗ್ಯಾಂಗುಗಳು ಮಕ್ಕಳ ಸಮೇತ ಬಂದು ಹೊಲದ ಅಂಚಿನಲ್ಲಿ ಜೋಪಡಿ ಹಾಕುತ್ತವೆ. ಆ ಮಕ್ಕಳು ಆಡುವುದು ಮರಾಠಿ, ಪಕ್ಕದ ಶಾಲೆ ಕನ್ನಡದ್ದು. ಅವರು ಇಲ್ಲಿಯ ಸೆಪ್ಟೆಂಬರ್ ಲೆಕ್ಕದಲ್ಲೂ ಇಲ್ಲ, ತಮ್ಮ ಊರಿನ ಜನವರಿ ಹಾಜರಿಯಲ್ಲೂ ಇಲ್ಲ.

ವ್ಯತ್ಯಾಸ ಅಳೆಯಲು ಅಕ್ಷರ ದಾಸೋಹದ ವಹಿಗಿಂತ ಒಳ್ಳೆಯ ಅಳತೆಗೋಲು ಇಲ್ಲ. ಅಕ್ಕಿ ದಿನಕ್ಕೆ 1ರಿಂದ 5ನೇ ತರಗತಿಯ ಮಗುವಿಗೆ 100 ಗ್ರಾಂ, 6ರಿಂದ 8ರ ಮಗುವಿಗೆ 150 ಗ್ರಾಂ. ಅಳೆಯುವುದು ಆ ದಿನದ ಹಾಜರಿಯ ಮೇಲೆ, ದಾಖಲಾತಿಯ ಮೇಲಲ್ಲ. 38 ಮಕ್ಕಳಿಗೆ 3.8 ಕಿಲೊ, 27 ಮಕ್ಕಳಿಗೆ 2.7 ಕಿಲೊ. ತಿಂಗಳಿಗೆ 24 ದಿನ ಎಂದರೆ 26.4 ಕಿಲೊ ವ್ಯತ್ಯಾಸ ಬರಬೇಕು. ಡಿಸೆಂಬರ್‌ನಲ್ಲಿ ಮಕ್ಕಳು ಕಡಿಮೆಯಾದರೂ ಅಕ್ಕಿಯ ಖರ್ಚು ಸೆಪ್ಟೆಂಬರ್‌ನಷ್ಟೇ ಇದ್ದರೆ ಆಗ ಪ್ರಶ್ನೆ ಕೇಳಿ.

ದಾಖಲಾತಿ ಮತ್ತು ಹಾಜರಿ ಕೂಡದಿರಲು ಇನ್ನೊಂದು ಕಾರಣ ವಿಜಯಪುರ, ಬಾಗಲಕೋಟೆ ಕಡೆ ಎಲ್ಲರಿಗೂ ಗೊತ್ತು, ಯಾರೂ ದೊಡ್ಡದಾಗಿ ಆಡುವುದಿಲ್ಲ. ನವೋದಯ, ಸೈನಿಕ ಶಾಲೆ, ಮೊರಾರ್ಜಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆಲ್ಲ ಪ್ರವೇಶ 6ನೇ ತರಗತಿಗೆ. ಪರೀಕ್ಷೆಯ ತಯಾರಿಗೆ ಪೇಟೆಗಳಲ್ಲಿ ಕೋಚಿಂಗ್ ಕೇಂದ್ರಗಳಿವೆ. ನವೋದಯದಲ್ಲಿ ಕನಿಷ್ಠ ಶೇ 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ, ಅದಕ್ಕೆ 3, 4, 5ನೇ ತರಗತಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಹೆಸರು ಹಳ್ಳಿ ಶಾಲೆಯಲ್ಲಿ, ಹುಡುಗ ಪೇಟೆಯ ಕೋಚಿಂಗ್‌ನಲ್ಲಿ ಎಂಬ ಹೊಂದಾಣಿಕೆ ಹುಟ್ಟುವುದು ಇಲ್ಲಿಂದ. ಯಾವ ಶಾಲೆಯ ಕಾರ್ಡಿನಲ್ಲಾದರೂ ಒಂದು, ಎರಡನೇ ತರಗತಿಗಿಂತ ನಾಲ್ಕು, ಐದನೇ ತರಗತಿ ಏಕಾಏಕಿ ಉಬ್ಬಿದ್ದರೆ, ಆರರಲ್ಲಿ ಮತ್ತೆ ಕುಸಿದಿದ್ದರೆ, ಹಾಜರಿ ಪುಸ್ತಕ ತೆರೆಸಿ. ಆರರ ಕುಸಿತವೊಂದೇ ಇದ್ದರೆ ಗಾಬರಿ ಬೇಡ. ಮಕ್ಕಳು ವಸತಿ ಶಾಲೆಗೆ ಆಯ್ಕೆಯಾಗಿ ಹೋಗಿರಬಹುದು, ಅದು ಶಾಲೆಯ ಹೆಮ್ಮೆಯೇ ಹೊರತು ಸೋಲಲ್ಲ.

ಸಾಮಾಜಿಕ ವರ್ಗದ ಕಂಬಗಳಿಗೆ (ಕಾಲಂಗಳಿಗೆ) ಬರೋಣ. ಯುಡೈಸ್‌ನಲ್ಲಿ ಇರುವುದು ನಾಲ್ಕೇ: ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರೆ ಹಿಂದುಳಿದ ವರ್ಗ. ನಮ್ಮ ರಾಜ್ಯದ ಪಟ್ಟಿಯಲ್ಲಿ ಹಿಂದುಳಿದ ವರ್ಗ ಎಂದರೆ ಪ್ರವರ್ಗ-1, 2ಎ, 2ಬಿ, 3ಎ, 3ಬಿ ಎಂದು ಐದು. ಬೆಳಗಾವಿಯ ಒಂದು ಊರನ್ನು ಕಣ್ಣ ಮುಂದೆ ತಂದುಕೊಳ್ಳಿ: ಲಿಂಗಾಯತರು, ಮರಾಠರು, ದಿಗಂಬರ ಜೈನರು 3ಬಿಯಲ್ಲಿ, ಕುರುಬರು 2ಎಯಲ್ಲಿ, ಮುಸ್ಲಿಮರು 2ಬಿಯಲ್ಲಿ. ಇವರೆಲ್ಲ ಒಂದೇ ಕಂಬಕ್ಕೆ ಬಂದು ಬಿದ್ದರೆ ಊರಿನ ಚಿತ್ರವೇ ಅಳಿಸಿದಂತೆ. ಒಂದು ಶಾಲೆಯವರು 3ಬಿ ಮಕ್ಕಳನ್ನು ಹಿಂದುಳಿದ ವರ್ಗದಲ್ಲಿ ಬರೆದು, ಪಕ್ಕದ ಶಾಲೆಯವರು ಸಾಮಾನ್ಯದಲ್ಲಿ ಬರೆದರೆ ಎರಡು ಶಾಲೆಗಳ ಹೋಲಿಕೆ ಅಲ್ಲಿಗೇ ಮುಗಿಯಿತು. ಪರಿಶಿಷ್ಟ ಜಾತಿಯ ಕಂಬದಲ್ಲೂ ಹಾಗೆಯೇ, ತಾಂಡಾದ ಲಂಬಾಣಿ ಮಕ್ಕಳು ಮತ್ತು ಊರೊಳಗಿನ ಮಾದಿಗ, ಛಲವಾದಿ ಸಮುದಾಯದ ಮಕ್ಕಳು ಸೇರಿ ಒಂದೇ ಸಂಖ್ಯೆ. ಊರಿನ ಶಾಲೆಗೂ ತಾಂಡಾದ ಶಾಲೆಗೂ ಎರಡು ಕಿಲೊಮೀಟರ್ ಅಂತರವಿದ್ದು, ಎರಡನ್ನೂ ಸೇರಿಸುವ ಮಾತು ಬಂದಾಗ ಈ ಭೇದ ತಿಳಿಯದೆ ನಿರ್ಧಾರ ಮಾಡಲಾಗದು.

ಅಲ್ಪಸಂಖ್ಯಾತರ ಕಂಬವನ್ನು ಮೊತ್ತಕ್ಕೆ ಕೂಡಿಸುವ ತಪ್ಪು ಬಹಳ ಕಡೆ ಕಾಣುತ್ತದೆ. 38 ಮಕ್ಕಳಲ್ಲಿ ಪರಿಶಿಷ್ಟ ಜಾತಿ 14, ಪಂಗಡ 3, ಹಿಂದುಳಿದ ವರ್ಗ 19, ಸಾಮಾನ್ಯ 2 ಎಂದಿದ್ದರೆ ಅಲ್ಲಿಗೆ 38 ಆಯಿತು. ಪಕ್ಕದಲ್ಲಿ ಮುಸ್ಲಿಂ 5 ಎಂದು ಕಂಡರೆ ಆ 5 ಮಕ್ಕಳು ಆಗಲೇ 19ರೊಳಗೆ ಇದ್ದಾರೆ. ಜೈನರೂ ಅಷ್ಟೇ. ಬಡತನ ರೇಖೆ, ವಿಶೇಷ ಅಗತ್ಯ ಇವೆಲ್ಲ ಇದೇ ಮಕ್ಕಳ ಇನ್ನೊಂದು ಎಣಿಕೆ. ವಿಶೇಷ ಅಗತ್ಯವುಳ್ಳ ಮಕ್ಕಳಲ್ಲಿ ಮನೆಯಲ್ಲೇ ಕಲಿಯುವ ಗೃಹಾಧಾರಿತ ಶಿಕ್ಷಣದವರೂ ಸೇರಿರುತ್ತಾರೆ, ತರಗತಿಯಲ್ಲಿ ಅವರನ್ನು ಹುಡುಕಬೇಡಿ.

ಮನೆಮಾತು ಈ ಸಾರ್ವಜನಿಕ ಕಾರ್ಡಿನಲ್ಲಿ ಕಾಣುವುದಿಲ್ಲ. ತಾಂಡಾದ ಒಂದನೇ ತರಗತಿಯಲ್ಲಿ ಮನೆಯಲ್ಲಿ ಲಂಬಾಣಿ ಆಡುವ ಮಕ್ಕಳು, ನಿಪ್ಪಾಣಿ, ಖಾನಾಪುರ ಕಡೆ ಮನೆಯಲ್ಲಿ ಮರಾಠಿ ಆಡುವವರು, ಪೇಟೆಯಂಚಿನಲ್ಲಿ ಉರ್ದು ಆಡುವವರು, ಎಲ್ಲರೂ ‘ಕನ್ನಡ ಮಾಧ್ಯಮ’ ಎಂಬ ಒಂದೇ ಪದದ ಕೆಳಗೆ. 1ರಿಂದ 3ನೇ ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸುವ ನಲಿಕಲಿ ಪದ್ಧತಿಯಲ್ಲಿ ಶಿಕ್ಷಕರಿಗೆ ನಿಜವಾಗಿ ಬೇಕಾದ ಮಾಹಿತಿ ಇದು. ಹಾಗೆಯೇ ಹೆಸರು ನೋಡಿ ಮೋಸ ಹೋಗಬೇಡಿ: ‘ಗಂಡು ಮಕ್ಕಳ ಶಾಲೆ’ ಎಂಬ ಹಲಗೆ ಇರುವ ಎಷ್ಟೋ ಕಡೆ ಈಗ ಹುಡುಗಿಯರೂ ಓದುತ್ತಾರೆ. ಶಾಲೆಯ ಬಗೆ ಯಾವುದು ಎಂದು ಕಾರ್ಡಿನಲ್ಲಿ ನೋಡಿ. ಒಂದೇ ಆವರಣದಲ್ಲಿ ಕೆಬಿಎಸ್‌ಗೊಂದು, ಕೆಜಿಎಸ್‌ಗೊಂದು ಕೋಡ್ ಇದ್ದರೆ ಎರಡನ್ನೂ ತೆರೆದು ಕೂಡಿಸಿದಾಗಷ್ಟೇ ಊರಿನ ಮಕ್ಕಳ ಲೆಕ್ಕ ಸಿಗುತ್ತದೆ.

ವಯಸ್ಸಿನ ಕಂಬದ ಬಗ್ಗೆ ಎರಡು ಮಾತು. ಹಿಂದಿನ ತಲೆಮಾರಿನ ಜನರಲ್ ರಜಿಸ್ಟರ್ (ಶಾಲೆಯ ದಾಖಲಾತಿ ಪುಸ್ತಕ) ತೆರೆದರೆ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ. ಮಾಸ್ತರರು ಕೊಟ್ಟ ಜನ್ಮದಿನ. ಈಗ ಜನನ ಪ್ರಮಾಣಪತ್ರ ಬರುತ್ತದೆ, ಆ ತಮಾಷೆ ಮುಗಿದಿದೆ. ಜೂನ್ 1 ಮಾತ್ರ ಇನ್ನೊಂದು ರೂಪದಲ್ಲಿ ಉಳಿದಿದೆ. ಒಂದನೇ ತರಗತಿಗೆ ಸೇರಲು ಆ ದಿನಕ್ಕೆ 6 ವರ್ಷ ತುಂಬಿರಬೇಕು ಎಂಬುದು ರಾಜ್ಯದ ನಿಯಮ. 2025-26ಕ್ಕೆ ಮಾತ್ರ ಯುಕೆಜಿ ಮುಗಿಸಿದವರಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಒಂದು ವರ್ಷ ಸಡಿಲ, ಮುಂದಿನ ವರ್ಷ ಬಿಗಿ ಎಂದಾಗ ಒಂದನೇ ತರಗತಿಯ ಸಂಖ್ಯೆ ಏರಿಳಿಯುವುದು ಸಹಜ. ಅದನ್ನು ನೋಡಿ ‘ಜನರಿಗೆ ಸರ್ಕಾರಿ ಶಾಲೆ ಬೇಡವಾಗಿದೆ’ ಎಂದು ಷರಾ ಬರೆಯುವ ಮೊದಲು ಅಂಗನವಾಡಿಯಲ್ಲಿ ಎಷ್ಟು ಮಕ್ಕಳು ವಯಸ್ಸಿಗಾಗಿ ಕಾದಿದ್ದಾರೆ ಕೇಳಿ.

ಇನ್ನು ಅಂಕಿಗಳ ಹಿಂದಿನ ಯಂತ್ರ. 2012-13ರಲ್ಲಿ ಯುಡೈಸ್, 2018-19ರಲ್ಲಿ ಯುಡೈಸ್ ಪ್ಲಸ್ ಬಂದವು. 2022-23ಕ್ಕೆ ಮುಂಚೆ ಶಾಲೆಯವರು ತರಗತಿಗೆ ಇಷ್ಟು ಎಂದು ಮೊತ್ತ ತುಂಬುತ್ತಿದ್ದರು, ಆ ವರ್ಷದಿಂದ ಒಬ್ಬೊಬ್ಬ ಮಗುವಿನ ಹೆಸರು ತುಂಬಬೇಕು. ಪ್ರತಿ ಮಗುವಿಗೂ ‘ಪೆನ್’ ಎಂಬ 11 ಅಂಕಿಯ ಕಾಯಂ ಸಂಖ್ಯೆ. ಕರ್ನಾಟಕದಲ್ಲಿ ಇದರ ಜೊತೆಗೆ ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ನ 9 ಅಂಕಿಯ ಸಂಖ್ಯೆ ಬೇರೆ ಇದೆ. ಮೆಟ್ರಿಕ್-ಪೂರ್ವ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಕೇಳುವುದು ಇದನ್ನು. ಹೀಗಾಗಿ 2022-23ರ ಆಸುಪಾಸಿನಲ್ಲಿ ಯಾವುದಾದರೂ ಶಾಲೆಯ ಸಂಖ್ಯೆ ಇಳಿದಿದ್ದರೆ ಮಕ್ಕಳು ಹೋದರೆಂದೇ ಅರ್ಥವಲ್ಲ. ಎರಡು ಶಾಲೆಯಲ್ಲಿ ಇದ್ದ ಒಂದೇ ಹೆಸರು ಒಂದು ಕಡೆ ಅಳಿದಿರಬಹುದು. ಆ ವರ್ಷದ ಮೊದಲಿನ ಅಂಕಿಗಳನ್ನೂ ನಂತರದವನ್ನೂ ಒಂದೇ ಗೆರೆಯಲ್ಲಿ ಎಳೆದ ನಕ್ಷೆಗಳನ್ನು ನಂಬುವ ಮೊದಲು ಇದು ನೆನಪಿರಲಿ.

ಮಗು ಶಾಲೆ ಬಿಟ್ಟಾಗ ಹೆಸರು ‘ಡ್ರಾಪ್‌ಬಾಕ್ಸ್’ಗೆ ಹೋಗುತ್ತದೆ. ಹೊಸ ಶಾಲೆಯವರು ಪೆನ್ ಹಾಕಿ ಅಲ್ಲಿಂದ ಎತ್ತಿಕೊಳ್ಳಬೇಕು. ಎತ್ತಿಕೊಳ್ಳದೆ ಹೊಸದಾಗಿ ಸೇರಿಸಲು ಹೋದರೆ ಒಂದೋ ಎರಡು ನಮೂದು ಆಗುತ್ತವೆ, ಇಲ್ಲವೇ ಆಧಾರ್ ತಡೆಯುತ್ತದೆ. ಡ್ರಾಪ್‌ಬಾಕ್ಸ್‌ನಲ್ಲೇ ಉಳಿದ ಮಗು ಲೆಕ್ಕದಲ್ಲಿ ಶಾಲೆ ಬಿಟ್ಟ ಮಗು. 5ನೇ ತರಗತಿಗೆ ಮುಗಿಯುವ ಕಿರಿಯ ಪ್ರಾಥಮಿಕ ಶಾಲೆಗಳಿಗೂ 7ಕ್ಕೆ ಮುಗಿಯುವ ಹಿರಿಯ ಪ್ರಾಥಮಿಕ ಶಾಲೆಗಳಿಗೂ ಪ್ರತಿ ಜೂನ್‌ನಲ್ಲಿ ಇಡೀ ತರಗತಿಯೇ ಈ ಡಬ್ಬಿಗೆ ಬೀಳುತ್ತದೆ. ಗಡಿಯಲ್ಲಿ ಇನ್ನೂ ಒಂದು ಸುತ್ತು: ಮಹಾರಾಷ್ಟ್ರದ ಜತ್ತ, ಅಕ್ಕಲಕೋಟ ತಾಲ್ಲೂಕುಗಳಲ್ಲೂ ಕನ್ನಡ ಶಾಲೆಗಳಿವೆ, ಮಕ್ಕಳು ಆಚೆಯಿಂದ ಈಚೆ, ಈಚೆಯಿಂದ ಆಚೆ ಹೋಗುತ್ತಾರೆ. ಎಸ್‌ಎಟಿಎಸ್ ಸಂಖ್ಯೆ ಗಡಿ ದಾಟುವುದಿಲ್ಲ, ಪೆನ್ ದಾಟುತ್ತದೆ. ಎಲ್‌ಸಿ (ಶಾಲೆ ಬಿಟ್ಟ ಪ್ರಮಾಣಪತ್ರ) ಕೊಡುವಾಗ ಅದರ ಮೇಲೆ ಪೆನ್ ಬರೆದುಕೊಡಿ ಎಂದು ಪಾಲಕರು ಕೇಳಿ ಬರೆಸಿಕೊಳ್ಳಬೇಕು.

ನಮೂದು ಕೂಡದೇ ಇರಲು ದೊಡ್ಡ ಕಾರಣ ಹೆಸರು. ನಮ್ಮ ಕಡೆ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಭಾಗ. ಜನರಲ್ ರಜಿಸ್ಟರ್‌ನಲ್ಲಿ ‘ಕುಂಬಾರ ಮಲ್ಲಪ್ಪ ಬಸಪ್ಪ’ ಎಂದಿದ್ದದ್ದು ಆಧಾರ್‌ನಲ್ಲಿ ‘ಮಲ್ಲಪ್ಪ ಕುಂಬಾರ’ ಆಗಿರುತ್ತದೆ, ಬ್ಯಾಂಕಿನಲ್ಲಿ ‘ಮಲ್ಲು ಬಿ.’ ಇಂಗ್ಲಿಷಿಗೆ ಹೋದಾಗ ಶಿವಾನಂದನ ಕೊನೆಗೆ ‘ಎ’ ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಯಂತ್ರಕ್ಕೆ ಇವರು ಇಬ್ಬರು. ತಿದ್ದಿಸುವಾಗ ಒಂದು ಕ್ರಮ ಇಟ್ಟುಕೊಂಡರೆ ಅಲೆದಾಟ ಕಡಿಮೆ: ಮೊದಲು ಜನನ ಪ್ರಮಾಣಪತ್ರ, ಅದಕ್ಕೆ ಹೊಂದುವಂತೆ ಆಧಾರ್, ನಂತರ ಶಾಲೆಯ ದಾಖಲೆ, ಕಡೆಗೆ ಬ್ಯಾಂಕ್. ಹುಟ್ಟಿದ ದಿನಾಂಕ, ಜಾತಿಯ ತಿದ್ದುಪಡಿ ಶಾಲೆಯಲ್ಲೇ ಮುಗಿಯುವುದಿಲ್ಲ, ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹೋಗಬೇಕು. ಎಸ್‌ಎಸ್‌ಎಲ್‌ಸಿ ಬಂದಾಗ ನೋಡೋಣ ಎಂದು ಬಿಟ್ಟವರಿಗೆ ಆಗ ಸಮಯವೂ ಇರುವುದಿಲ್ಲ, ದಾರಿಯೂ ಸಲೀಸಾಗಿ ಇರುವುದಿಲ್ಲ. ಕೇಂದ್ರ ಸರ್ಕಾರ ವಿದ್ಯಾರ್ಥಿಗೆ ಕೊಡುವ ‘ಅಪಾರ್’ ಎಂಬ 12 ಅಂಕಿಯ ಗುರುತಿಗೂ ಆಧಾರ್‌ನ ಹೆಸರೇ ಆಧಾರ. ಅದಕ್ಕೆ ಪಾಲಕರ ಒಪ್ಪಿಗೆ ಪತ್ರ ಬೇಕು. ಓದಿ ಸಹಿ ಮಾಡಿ.

ಮತ್ತೆ ಪುಟಕ್ಕೆ. ವೇಗ ಪರವಾಗಿಲ್ಲ, ಹಳ್ಳಿಯ ನೆಟ್‌ವರ್ಕ್‌ನಲ್ಲಿ ನಕ್ಷೆಯ ಬದಲು ಕೋಡ್ ಹಾಕಿ ಹುಡುಕಿದರೆ ಬೇಗ ತೆರೆಯುತ್ತದೆ. ಹಳೆಯ ವರ್ಷದ ಕಾರ್ಡುಗಳನ್ನೂ ಇಳಿಸಿಟ್ಟುಕೊಳ್ಳಿ. ಕನ್ನಡ ಇಲ್ಲ ಎಂಬುದಕ್ಕೆ ಒಂದು ಅಂಕ ಕಡಿತ. ಹಾಜರಿಯ ಒಂದು ಕಂಬವೂ ಇಲ್ಲ ಎಂಬುದಕ್ಕೆ ಇನ್ನೊಂದು; ಸೆಪ್ಟೆಂಬರ್ ಜೊತೆಗೆ ಜನವರಿ 31ರ ಸಂಖ್ಯೆಯೊಂದನ್ನು ತೋರಿಸಿದ್ದರೂ ವಿಜಯಪುರದ ಅರ್ಧ ಕತೆ ಹೊರಗೆ ಬರುತ್ತಿತ್ತು. ಸರಿಯಿರುವುದು ಏನೆಂದರೆ, ಯಾರ ಮರ್ಜಿಯೂ ಇಲ್ಲದೆ, ಪಕ್ಕದ ಊರಿನ ಶಾಲೆಯ ಲೆಕ್ಕವನ್ನೂ ಖಾಸಗಿ ಶಾಲೆಯ ಲೆಕ್ಕವನ್ನೂ ಒಂದೇ ಮಾದರಿಯಲ್ಲಿ ನೋಡಬಹುದು. ಖಾಸಗಿಯವರ ಜಾಹೀರಾತಿನಲ್ಲಿ ‘500 ಮಕ್ಕಳು’ ಎಂದಿದ್ದು ಕಾರ್ಡಿನಲ್ಲಿ ಎಷ್ಟಿದೆ ಎಂದು ನೋಡಲು ಎರಡು ನಿಮಿಷ.

ಎಸ್‌ಡಿಎಂಸಿ ಸಭೆಗೆ ಹೋಗುವವರು ಎರಡು ವರ್ಷದ ಕಾರ್ಡು ಮುದ್ರಿಸಿಕೊಂಡು ಹೋಗಿ, ಅಲ್ಲಿ ಮೂರು ಪುಸ್ತಕ ಕೇಳಿ: ಜನರಲ್ ರಜಿಸ್ಟರ್, ಸೆಪ್ಟೆಂಬರ್ ಮತ್ತು ಜನವರಿಯ ಹಾಜರಿ, ಬಿಸಿಯೂಟದ ವಹಿ. ದಾರಿಯಲ್ಲಿ ಅಂಗನವಾಡಿಗೆ ಹೋಗಿ ಮುಂದಿನ ಜೂನ್ 1ಕ್ಕೆ 6 ತುಂಬುವ ಮಕ್ಕಳ ಪಟ್ಟಿ ಬರೆದುಕೊಳ್ಳಿ, ತೋಟದ ವಸ್ತಿಗಳನ್ನು ಬಿಡಬೇಡಿ. ಮೇಲಿನ ಉದಾಹರಣೆಯ ಶಾಲೆಯಾದರೆ, ಐದನೇ ತರಗತಿಯಿಂದ ಹೊರಹೋಗುವ 7 ಮಂದಿಗೆ ಎದುರಾಗಿ ಆ ಪಟ್ಟಿಯಲ್ಲಿ ಎಷ್ಟು ಹೆಸರಿವೆ ಎಂದು ಜನವರಿಯಲ್ಲೇ ಗೊತ್ತಾದರೆ, ಕಬ್ಬಿನ ಗ್ಯಾಂಗಿನಿಂದ ಜನ ಮರಳುವ ಹೊತ್ತಿಗೆ ಯಾರ ಮನೆಗೆ ಮೊದಲು ಹೋಗಬೇಕೆಂಬುದು ಗೊತ್ತಿರುತ್ತದೆ.